ಹಾರ್ಮೋನಿನ ಕೋಪ

ಮಗಳ ಗೆಳತಿಯರೆದುರು ಊಟದ ತಟ್ಟೆ ಎಸೆದ ಮರುದಿನ ಅವನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅಷ್ಟೇ. ಹುಡುಗಿಯರು ಅರ್ಧ ಊಟಕ್ಕೇ ಎದ್ದು ಹೋಗಿದ್ದರು. ಅಳುತ್ತಿದ್ದ ಮಗಳನ್ನು ಹೆಂಡತಿ ಎಂದಿನಂತೆ ಸಮಾಧಾನ ಮಾಡಿದ್ದಳು: “ಅಪ್ಪಂಗೆ ಥೈರಾಯ್ಡ್ ಅಲ್ವೇನೇ ಪುಟ್ಟಿ. ಅವರೇನು ಬೇಕೂಂತ ಮಾಡ್ತಾರಾ?”

ಪ್ರತಿ ಸಲ ರಿಪೋರ್ಟು ತೋರಿಸಿ ಮಾತ್ರೆ ತರುತ್ತಿದ್ದವಳು ಹೆಂಡತಿಯೇ. ಈ ಸಲ ನಾಚಿಕೆ ತಡೆಯಲಾರದೆ ಅವನೇ ಹೋದ.

“ಮಾತ್ರೆ ಜಾಸ್ತಿ ಮಾಡಿ ಡಾಕ್ಟ್ರೇ. ಕೋಪ ತಡೆಯೋಕಾಗ್ತಿಲ್ಲ.”

“ಆಫೀಸಲ್ಲಿ ಸಾಹೇಬರ ಮುಂದೂ ತಟ್ಟೆ ಎಸೀತೀರಾ?”

“ಇಲ್ಲ, ಅಲ್ಲಿ ಹೇಗೋ ತಡ್ಕೋತೀನಿ.”

“ಈ ಮಾತ್ರೆಯಲ್ಲೇ ನಿಮ್ಮ ಹಾರ್ಮೋನು ಹದಕ್ಕೆ ಬಂದು ಎಷ್ಟೋ ವರ್ಷ ಆಯ್ತು. ಈ ಕೋಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಮನೆಯವರಿಗೆ ಬಂದಾಗಲೆಲ್ಲ ಹೇಳಿದೀನಿ. ಅವರು ನಿಮಗೆ ಹೇಳ್ಲಿಲ್ವಾ?”

ಮನೆಗೆ ಬಂದವನು ಸೀದಾ ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

“ನನ್ನ ಕೋಪಕ್ಕೆ ಕಾಯಿಲೆ ಕಾರಣ ಅಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಮುಚ್ಚಿಟ್ಟೆ?”

ಅವಳು ನಡುಮನೆಯಲ್ಲಿ ಓದುತ್ತ ಕೂತಿದ್ದ ಮಗಳ ಕಡೆ ನೋಡಿ ದನಿ ತಗ್ಗಿಸಿದಳು.

“ಮೆಲ್ಲಗೆ ಮಾತಾಡಿ. ಕಾಯಿಲೆ ಅಂತ ನಂಬಿರೋದಕ್ಕೇ ಅವಳಿನ್ನೂ ನಿಮ್ಮನ್ನ ಅಪ್ಪಾ ಅಂತಿದಾಳೆ.”