ಬಾಲದ ಅಡುಗೆಮನೆ

ಕಂಪ್ಯೂಟರ್ ಆಟದಲ್ಲಿ ಕಟ್ಟಿದ ಹಡಗುಗಳನ್ನೇ ನಿಜವಾದ ಆಕಾಶದಲ್ಲಿ ಓಡಿಸುವುದು ಈಗ ವಾಡಿಕೆ. ಆಟದ ನಿಯಮ ಬದಲಾದರೆ ಹಡಗಿನ ನಡೆಯೂ ಬದಲಾಗಬೇಕು. ಮೈಲಿ ಉದ್ದದ ನಮ್ಮ ಹಡಗು ತಿರುಗಲು ಮೊದಲು ಅರ್ಧ ತಾಸು ಹಿಡಿಯುತ್ತಿತ್ತು. ಕಳೆದ ವಾರದಿಂದ ಅರ್ಧ ನಿಮಿಷ ಸಾಕಂತೆ!

ನಮ್ಮ ಅಡುಗೆಮನೆ ಇರುವುದು ಹಡಗಿನ ಬಾಲದ ತುದಿಯಲ್ಲಿ. ತಿರುವಿನ ಗಂಟೆ ಹೊಡೆದೊಡನೆ ನಾನೂ ಜೊತೆಗೆ ಅಡುಗೆ ಮಾಡುವ ಕಾಶವ್ವನೂ ಸಾರಿನ ಹಂಡೆಯನ್ನು ಎರಡೂ ಕಡೆ ಹಿಡಿದು ನಿಲ್ಲುವುದು ರೂಢಿ. ನಿನ್ನೆ, ಹೊಸ ನಿಯಮದ ಮೊದಲ ತಿರುವಿನಲ್ಲಿ, ಹಡಗು ತನ್ನ ನಡುವಿನ ಸುತ್ತ ಗಿರಕ್ಕನೆ ತಿರುಗಿ ಬಾಲ ರಪ್ಪನೆ ಬೀಸಿತು. ಕುದಿಯುವ ಸಾರು ಚೆಲ್ಲಿ ಕಾಶವ್ವನ ಎರಡೂ ಕೈ ಸುಟ್ಟವು.

ಇವತ್ತು ಆ ನಿಯಮ ಬರೆದ ಪ್ರಣೀತ್ ಸಾಹೇಬರು ನಮ್ಮ ಅಡುಗೆಮನೆಯ ತಪಾಸಣೆಗೆ ಬಂದರು.

"ನಿಧಾನ ತಿರುಗಿದ್ರೆ ಆಡೋರಿಗೆ ಬೇಜಾರಾಗುತ್ತಮ್ಮ. ನಿನ್ನೆ ನಾನೂ ಹಡಗಿನ ನಡುವಿನ ಕೋಣೇಲಿದ್ದೆ. ತಿರುಗಿದ್ದು ಗೊತ್ತೇ ಆಗ್ಲಿಲ್ಲ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಬೀಸುಕಲ್ಲಿನ ನಡುವಿನ ಗೂಟಕ್ಕ ಏನ್ ಗೊತ್ತಾಕ್ಕೈತ್ರಿ, ಜ್ವಾಳದ ಸಂಕಟ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಸಾಹೇಬರು ಬಾಗಿಲಿಗೆ ಓಡಿದರು. ನಾನು ಅಡ್ಡ ನಿಂತು, ಒದ್ದೆ ಬಟ್ಟೆಯನ್ನು ಅವರ ಕೈಗೆ ತುರುಕಿದೆ.

"ಎಲ್ಲಿಗೆ ಹೊಂಟ್ರಿ? ಕಾಶವ್ವನ ಜಾಗಾ ಖಾಲಿ ಐತಿ. ಬರ್ರಿ, ಹಂಡೆ ಹಿಡೀರಿ."