ಬಲೆ ಬೀಸುವ ಕೈ

ವಿಡಿಯೊ ಕಾಲ್ ರಿಂಗಾಯಿತು, ಫೋನಿನ ಗಾಜಿನಲ್ಲಿ ಮಾತ್ರ ಬೆಳಕು ಮೂಡಲಿಲ್ಲ. ಶೈಲೇಶ ಬಿರುಕುಗಳ ಮೇಲೆ ಅಂದಾಜಿನಲ್ಲಿ ಬೆರಳು ಎಳೆದ. ಮುಂಬಯಿಯಿಂದ ಅಣ್ಣ ಜಿತೇಂದ್ರನ ದನಿ ಬಂತು. ಮಗಳ ಮುಖ ನೋಡಲೆಂದು ಹೋಟೆಲಿನ ಸಂಬಳ ಉಳಿಸಿ ಅವನೇ ಆನ್‌ಲೈನಿನಲ್ಲಿ ಕೊಂಡ ಫೋನು. ಬೈಂದೂರಿನ ಕೊರಿಯರ್ ಆಫೀಸಿನಿಂದ ಈಗಷ್ಟೇ ನಾವುಂದದ ಮನೆಗೆ ಬಂದಿತ್ತು. ತೆಳು ರಟ್ಟಿನೊಳಗೆ ಒಂದು ಹಾಳೆ ಕಾಗದವನ್ನೂ ಸುತ್ತಿರಲಿಲ್ಲ.

"ಬಂಗ್ಡಿ ಮೀನ್ ಕಳ್ಸುಕಾರೂ ಇದ್ಕಿಂತ ಲಾಯ್ಕ್ ಮಾಡಿ ಕಟ್ತ್ರ್," ಎಂದಳು ಅತ್ತಿಗೆ ಜಲಜ.

"ನಂಗೆ ಈಗ ಮಗು ಕಾಣ್ತಾ ಇತ್ತ್," ಎಂದ ಜಿತೇಂದ್ರ. ಕ್ಯಾಮೆರಾ ಒಡೆದಿರಲಿಲ್ಲ.

"ಇಲ್ಲಿ ಎಂತದೂ ಕಾಣ್ತಿಲ್ಲೆ ಅಣ್ಣ. ಸ್ವರ ಮಾತ್ರ ಬತ್ತಾ ಇತ್ತ್."

ಮಗು ದೀಕ್ಷಾಗೆ ಆ ಸ್ವರವೂ ಇಲ್ಲ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು. ಬಲೆ ಬೀಸುವ ಹಾಗೆ ಎರಡೂ ಕೈ ಚಾಚಿದರೆ ಅವಳ ಭಾಷೆಯಲ್ಲಿ ಅಪ್ಪ ಎಂದರ್ಥ. ಮನೆಯಲ್ಲಿದ್ದಾಗ ಅಪ್ಪನೂ ಹಾಗೆಯೇ ಬೀಸಿ, ಅವಳನ್ನು ಎಳೆದು ಅಪ್ಪಿಕೊಳ್ಳುತ್ತಿದ್ದ. ಈಗ ಅವಳು ಕಪ್ಪು ಗಾಜಿನತ್ತ ಬೀಸಿದಳು. ಕಾದಳು. ಲಂಗದ ಅಂಚಿನಿಂದ ಗಾಜು ಒರೆಸಿ ಮತ್ತೆ ಬೀಸಿದಳು. ಆಮೇಲೆ ಕೈ ಇಳಿಸಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಜಲಜ ಭುಜ ಮುಟ್ಟಿ ಒಡೆದ ಗಾಜನ್ನು ತೋರಿಸಲು ನೋಡಿದಳು. ಮಗು ತಿರುಗಲಿಲ್ಲ.



"ಮಗುಗೆ ಹೇಳ್ ಜಲಜ," ಎಂದ ಜಿತೇಂದ್ರ. "ನಾ ಇಲ್ಲಿ ಈಗ್ಲೂ ಬೀಸ್ತಾ ಇದ್ದೆ."