ತೂಕದ ಕೋಣೆಯ ಒಂದು ಗಂಟೆ

೨೦೨೫ರ ಮಾರ್ಚ್ ೯, ಭಾನುವಾರ, ಸಂಜೆ ೪ ಗಂಟೆ ೧೨ ನಿಮಿಷ. ಟಿ.ವಿ.ಯಲ್ಲಿ ಓಡುತ್ತಿದ್ದ ರೈಲು ಸುರಂಗದ ಬಾಯಲ್ಲಿ ನಿಂತುಬಿಟ್ಟಿತು.

"ನಿಲ್ತು," ಎಂದು ಮಾವ ರಿಮೋಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮೂವತ್ತನಾಲ್ಕು ವರ್ಷ ಎಂಜಿನ್ ಓಡಿಸಿ ನಿವೃತ್ತರಾದವರು. ಚಾಲಕನ ಕಿಟಕಿಯಿಂದ ತೆಗೆದ ರೈಲು ಪ್ರಯಾಣದ ವಿಡಿಯೊಗಳನ್ನು ದಿನಾ ನಾಲ್ಕಕ್ಕೆ ಸರಿಯಾಗಿ ನೋಡಲು ಕೂರುತ್ತಿದ್ದರು. "ನನ್ನ ಇಡೀ ಸರ್ವಿಸ್‌ನಲ್ಲಿ ಇಷ್ಟು ಸಲ ಗಾಡಿ ದಾರೀಲಿ ನಿಂತಿರ್ಲಿಲ್ಲ."

ದೊಡ್ಡಳಿಯ ಮುಖದಲ್ಲಿ ಏನನ್ನೂ ತೋರಿಸದೆ ನೋಟ್‌ಬುಕ್ಕಿನಲ್ಲಿ ಬರೆದ: ೩೬೦೪ ಎಂಬಿ, ಬಂದ್. ಒಳಗೊಳಗೆ ಹಾಲು ಕುಡಿದಷ್ಟು ಸಂತೋಷ. ಯಾಕೆಂದರೆ ಎದುರಿಗೇ ಚಿಕ್ಕಳಿಯ ಕೂತಿದ್ದ.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಮನೆಯ ಸರ್ವರ್ ಮಾಡಿ, ಮಾವನ ವಿಡಿಯೊಗಳೆಲ್ಲ ನೇರ ಟಿ.ವಿ.ಗೆ ಬರುವಂತೆ ಸಾಫ್ಟ್‌ವೇರ್ ಹಾಕಿಕೊಟ್ಟವನು ಚಿಕ್ಕಳಿಯ. ಲಿಫ್ಟ್ ಮೆಕ್ಯಾನಿಕ್, ಕಂಪ್ಯೂಟರನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಮಾವ ಹತ್ತು ವರ್ಷದಿಂದ ಇದ್ದದ್ದು ದೊಡ್ಡಳಿಯನ ಮನೆಯಲ್ಲಿ. ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುವವನು, ಮೊಣಕಾಲಿಗೆ ಎಣ್ಣೆ ತರುವವನು ಇವನು. ಊಟಕ್ಕೆ ಕೂತಾಗ ಹೊಗಳಿಕೆಯೆಲ್ಲ ತಿಂಗಳಿಗೊಮ್ಮೆ ಬರುವ ಅವನಿಗೆ. ಮಾವ ಇವನನ್ನು ಇಂದಿಗೂ 'ನೀವು' ಎನ್ನುತ್ತಿದ್ದರು, ಅವನನ್ನು ಮೊದಲ ವರ್ಷದಿಂದಲೇ 'ನೀನು'. "ಹಿತ್ತಲ ಗಿಡ ಮದ್ದಲ್ಲ ಬಿಡು," ಎಂದು ದೊಡ್ಡಳಿಯ ಒಮ್ಮೆ ಹೆಂಡತಿಯ ಮುಂದೆ ನೊಂದುಕೊಂಡಾಗ, "ಗಿಡ ಮೊದ್ಲು ಮುಳ್ಳು ಕಮ್ಮಿ ಮಾಡ್ಕೊಳ್ಳಲಿ," ಎಂದಿದ್ದಳು ಅವಳು.

ದೊಡ್ಡಳಿಯನಿಗೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಅಳೆಯದೆ ಏನನ್ನೂ ನಂಬುವವನಲ್ಲ. ಆ ಸರ್ವರ್ ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತದೆಂದು, ಅದರ ಸ್ಥಿತಿ ತೋರಿಸುವ ಪುಟವನ್ನು ತನ್ನ ಫೋನಿನಲ್ಲಿ ತೆರೆದು, ನಿಮಿಷಕ್ಕೊಮ್ಮೆ ತಾನಾಗಿ ಹೊಸದಾಗುವಂತೆ ಮಾಡಿಟ್ಟುಕೊಂಡಿದ್ದ. ನಂಬಿಕೆ ಹುಸಿಯಾಗಲಿಲ್ಲ. ಅಂದಿನಿಂದ, ಈಗ ಹತ್ತು ದಿನವಾಯಿತು, ಸಾಫ್ಟ್‌ವೇರ್ ಮೆಮೊರಿಯನ್ನು ನುಂಗುತ್ತಲೇ ಇತ್ತು, ಬಿಟ್ಟುಕೊಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ೭.೧೯ಕ್ಕೆ ದೊಡ್ಡಳಿಯ ಮತ್ತೆ ಚಾಲೂ ಮಾಡಿದಾಗ ೪೦೬ ಎಂಬಿ, ಸಂಜೆ ೪.೧೨ಕ್ಕೆ ೩೬೦೪ ಮುಟ್ಟಿ ಉಸಿರು ಕಟ್ಟಿ ಬೀಳುತ್ತಿತ್ತು. ಗಂಟೆಗಂಟೆಯ ಅಂಕಿ ನೋಟ್‌ಬುಕ್ಕಿನಲ್ಲಿತ್ತು. ಮಾವನ ಎದುರಿಗೇ ಅದನ್ನು ಬಿಚ್ಚಬೇಕೆಂದು ಇವತ್ತು ಷಡ್ಡಕನನ್ನು ಕರೆಸಿದ್ದ.

"ನೋಡು. ನಿನ್ನ ಲಿಫ್ಟಿಗೆ ಹತ್ತೋದು ಕಲಿಸಿದೀಯ, ಇಳಿಯೋದು ಕಲಿಸಿಲ್ಲ," ಎನ್ನುತ್ತ ದೊಡ್ಡಳಿಯ ನೋಟ್‌ಬುಕ್ಕನ್ನು ಅವನ ಮುಂದಿಟ್ಟ.

ಮಾವ ಕನ್ನಡಕದ ಮೇಲಿಂದ ಚಿಕ್ಕಳಿಯನನ್ನು ನೋಡಿದರು. "ಹೌದು ಕಣಯ್ಯ. ಎಲ್ಲೋ ಎಡವಟ್ಟು ಮಾಡಿದೀಯ ನೀನು."

ಹತ್ತು ವರ್ಷದಲ್ಲಿ ಅವರು ದೊಡ್ಡಳಿಯನ ಪಕ್ಷ ವಹಿಸಿದ್ದು ಇದೇ ಮೊದಲು.

ಚಿಕ್ಕಳಿಯ ನೆಲಕ್ಕಿಳಿದು ಕೂತು ನೋಟ್‌ಬುಕ್ಕನ್ನು ಓದತೊಡಗಿದ. ಉಗುರಿನಲ್ಲಿ ಗ್ರೀಸ್ ಉಳಿದಿದ್ದ ಬೆರಳು ಅಂಕಿಗಳ ಪಕ್ಕದಲ್ಲಿ ಇಳಿಯುತ್ತ ಬಂದು ಒಂದು ಕಡೆ ನಿಂತಿತು.

"ಭಾವ, ಟಿ.ವಿ. ಆಫ್ ಅಂತ ನೀವು ಬರೆದಿರೋ ಹೊತ್ತಲ್ಲೂ ನಿಮಿಷಕ್ಕೆ ಸರಿಯಾಗಿ ಆರು ಎಂಬಿ ಏರಿದೆ. ಗುರುವಾರ ಮಾತ್ರ ಹನ್ನೊಂದಕ್ಕೂ ೧೭೩೨, ಹನ್ನೆರಡಕ್ಕೂ ೧೭೩೨. ಅವತ್ತು ನಿಂತಿದ್ದೂ ಒಂದು ಗಂಟೆ ತಡವಾಗಿ. ಆ ಹೊತ್ತಲ್ಲಿ ಎಲ್ಲಿದ್ರಿ?"

"ಎಲ್ಲಿರ್ತೀನಿ? ಲ್ಯಾಬಿನ ತೂಕದ ಕೋಣೇಲಿ. ಅಲ್ಲಿಗೆ ಫೋನ್ ಒಯ್ಯೋ ಹಾಗಿಲ್ಲ. ಆಫ್ ಮಾಡಿ ಹೊರಗಿಟ್ಟು..."

ದೊಡ್ಡಳಿಯನ ಕೈ ಜೇಬಿನ ಫೋನಿನ ಮೇಲೆ ಹೋಯಿತು.

ಚಿಕ್ಕಳಿಯ ದನಿ ತಗ್ಗಿಸಿದ. "ಸ್ಥಿತಿ ತೋರ್ಸೋ ಆ ಪುಟದಲ್ಲೇ ದೋಷ ಇದೆ ಭಾವ. ಒಂದು ಸಲ ನೋಡಿದ್ರೆ ಆರು ಎಂಬಿ ಹಿಡ್ಕೊಳ್ಳುತ್ತೆ, ವಾಪಸ್ ಬಿಡಲ್ಲ. ನಿಮ್ಮ ಫೋನು ನಿಮಿಷಕ್ಕೊಮ್ಮೆ ಅದನ್ನ ನೋಡ್ತಾನೇ ಇದೆ. ಸಾಫ್ಟ್‌ವೇರ್ ಬರೆದೋರು ಸರಿಮಾಡೋವರೆಗೆ ನೀವು ನೋಡ್ಬೇಡಿ, ಅಷ್ಟೆ."

ಟಿ.ವಿ. ಆಫ್ ಇದ್ದಾಗಿನ ಅಂಕಿ, ತಾನು ನೋಡದೆ ಇದ್ದಾಗಿನ ಅಂಕಿ, ಎರಡನ್ನೂ ದೊಡ್ಡಳಿಯ ತನ್ನ ಕೈಯಾರೆ ಬರೆದಿದ್ದ. ಪ್ರಯೋಗಾಲಯದಲ್ಲಿ ಕಿರಿಯರು ಯಾರಾದರೂ ಇಂಥ ವರದಿ ತಂದಿದ್ದರೆ ಕಣ್ಣು ಎಲ್ಲಿತ್ತು ಎಂದು ಕೇಳುತ್ತಿದ್ದ.

"ಏನಂತೆ ಅದು? ಗುಸುಗುಸು ಬೇಡ, ನನಗೂ ಹೇಳಿ," ಎಂದರು ಮಾವ.

ದೊಡ್ಡಳಿಯ ಪೆನ್ನಿಗೆ ಮುಚ್ಚಳ ಹಾಕಿದ.

"ನಂದೇ ತಪ್ಪು ಮಾವ," ಎಂದ ಚಿಕ್ಕಳಿಯ, ನೋಟ್‌ಬುಕ್ಕನ್ನು ಮಡಚಿ ಭಾವನ ಕೈಗೆ ಕೊಡುತ್ತ. "ಒಂದು ಪುಟ ಮುಚ್ಚದೆ ಬಿಟ್ಟಿದ್ದೆ. ನಾಳೆಯಿಂದ ನಿಮ್ಮ ಗಾಡಿ ನಿಲ್ಲಲ್ಲ."

ಮಾವ ತಲೆದೂಗಿದರು. ಆಮೇಲೆ ದೊಡ್ಡಳಿಯನ ಕಡೆ ತಿರುಗಿದರು. "ನೋಡಿದ್ರಾ? ತಪ್ಪು ನಂದು ಅನ್ನೋಕೂ ಗುಂಡಿಗೆ ಬೇಕು. ಎಲ್ಲರ ಕೈಲೂ ಆಗಲ್ಲ ಅದು."

"ಹೌದು," ಎಂದ ದೊಡ್ಡಳಿಯ.

ಸೋಮವಾರ ಬೆಳಿಗ್ಗೆ ೭.೧೯ಕ್ಕೆ ಸರ್ವರ್ ಚಾಲೂ ಮಾಡಿ, ಫೋನಿನಲ್ಲಿ ಪುಟ ಮುಚ್ಚಿ ಕೆಲಸಕ್ಕೆ ಹೋದ. ನಾಲ್ಕೂವರೆಗೆ ಹೆಂಡತಿಯ ಕರೆ ಬಂತು.

"ರೈಲು ಸುರಂಗ ದಾಟ್ತು ಕಣ್ರೀ. ಅಪ್ಪ ಆಗ್ಲೇ ತಂಗಿ ಮನೆಗೆ ಫೋನ್ ಮಾಡಿ, ಅವಳ ಗಂಡನ್ನ ಹೊಗಳ್ತಾ ಕೂತಿದಾರೆ."

ಅವನು ಪುಟ ತೆರೆದ. ೪೦೬ ಎಂಬಿ, ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ. ಫೋನನ್ನು ಜೇಬಿಗೆ ಹಾಕಿದ. ತೆಗೆದ. ಮತ್ತೆ ಹಾಕಿದ.

ಐದೂವರೆಗೆ ಪ್ರಯೋಗಾಲಯಕ್ಕೆ ಬೀಗ ಹಾಕುವಾಗ ಪುಟ ೫೮೦ ಎಂಬಿ ತೋರಿಸುತ್ತಿತ್ತು.